ತಕ್ಕಡಿ ಸಾಹೇಬರ ಎದೆಬಡಿತ

ತಕ್ಕಡಿ ಸಾಹೇಬರು ಮಾರುಕಟ್ಟೆಗೆ ಕಾಲಿಟ್ಟರೆಂದರೆ ಬದನೆಕಾಯಿ ತೂಗುವವನಿಂದ ಹಿಡಿದು ಬಂಗಾರ ತೂಗುವವನವರೆಗೆ ಎಲ್ಲರಿಗೂ ಒಮ್ಮೆಲೇ ಕೆಮ್ಮು ಬರುತ್ತಿತ್ತು. ಆ ಕೆಮ್ಮು ಅಂಗಡಿಯಿಂದ ಅಂಗಡಿಗೆ ದಾಟಿ, ಅವರು ಮೊದಲ ಸಾಲು ಮುಗಿಸುವಷ್ಟರಲ್ಲಿ ಕೊನೆಯ ಸಾಲಿನ ಕಳ್ಳ ತೂಕದ ಬಟ್ಟುಗಳೆಲ್ಲ ಗೋಣಿಚೀಲದ ಕೆಳಗೆ ಸೇರಿರುತ್ತಿದ್ದವು. ಆದರೂ ಸಾಹೇಬರು ಬಗ್ಗಿ ಗೋಣಿಚೀಲ ಎತ್ತುತ್ತಿದ್ದರು. ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾದ ಮೇಲೆ ಅವರು ಬಗ್ಗಿದಷ್ಟು ಸಲ ಬೇರೆ ಯಾವ ಸರ್ಕಾರಿ ನೌಕರನೂ ಬಗ್ಗಿರಲಾರ, ಅದೂ ಮೇಲಧಿಕಾರಿ ಎದುರಿಗಿಲ್ಲದಾಗ.

ಅಂಥ ಮಹಾಪುರುಷರು ಈ ಭಾನುವಾರ ಮಧ್ಯಾಹ್ನ ತಮ್ಮದೇ ಮನೆಯ ಊಟದ ಮೇಜಿನ ಮುಂದೆ, ಸಿಕ್ಕಿಬಿದ್ದ ತರಕಾರಿಯವನ ಹಾಗೆ ಕೂತಿದ್ದರು.

ಎದುರಿಗೆ ಹೆಂಡತಿ. ನಡುವೆ ಲ್ಯಾಪ್‌ಟಾಪು. ಅದಕ್ಕೆ ಗೇಣುದ್ದದ ವೈರು, ವೈರಿನ ತುದಿಯಲ್ಲಿ ಸಾಹೇಬರ ವಾಚು. ಪಕ್ಕದಲ್ಲಿ ಬೆವರಿನ ಉಪ್ಪು ಬಿಳಿಗಟ್ಟಿದ ಎದೆಪಟ್ಟಿ. ಆ ಪಟ್ಟಿಯನ್ನು ಎದೆಗೆ ಬಿಗಿದುಕೊಂಡರೆ ಸಾಕು, ಗುಂಡಿಗೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತೆಂಬ ಚಾಡಿಯನ್ನೆಲ್ಲ ಅದು ವಾಚಿನ ಕಿವಿಗೆ ಹಾಕುತ್ತದೆ. ವಾಚು ಅದನ್ನು ಹತ್ತಿದ ಏರು, ಇಳಿದ ಇಳಿಜಾರು, ಓಡಿದ ವೇಗದ ಜೊತೆ ಸೇರಿಸಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ನಾಲ್ಕು ದಿನ ಬೆಟ್ಟದ ಸಾಲಿನಲ್ಲಿ ಸೈಕಲ್ ತುಳಿದು ಸಾಹೇಬರು ನಿನ್ನೆ ಮನೆಗೆ ಬಂದಿದ್ದರು. ಇವತ್ತು ವಾಚಿನ ಹೊಟ್ಟೆ ಬಗೆಯುವ ಕಾರ್ಯಕ್ರಮ.

ಹೆಂಡತಿ ಹೃದ್ರೋಗದ ಕ್ಲಿನಿಕ್ಕಿನಲ್ಲಿ ಇ.ಸಿ.ಜಿ. ತೆಗೆಯುವವಳು. ದಿನವಿಡೀ ಜನರ ಗುಂಡಿಗೆಯ ಗೆರೆ ನೋಡಿ ನೋಡಿ ಅವಳಿಗೆ ಮುಖಗಳ ಮೇಲಿನ ನಂಬಿಕೆಯೇ ಹೋಗಿತ್ತು. ಹಿಂದಿನ ವರ್ಷ ಸಾಹೇಬರು ಪೆಟ್ರೋಲ್ ಬಂಕಿನಲ್ಲಿ ಅಳತೆ ಪಾತ್ರೆ ಹಿಡಿದುಕೊಂಡೇ ಕುಸಿದು ಬಿದ್ದರು. ಡಾಕ್ಟರು ನೋಡಿ, ಅಂಥದ್ದೇನಿಲ್ಲ, ಸೈಕಲ್ ಬೇಕಾದರೆ ತುಳಿಯಲಿ, ಎದೆಬಡಿತ ನೂರನಲವತ್ತರ ಒಳಗಿರಲಿ ಎಂದಿದ್ದರು. ಡಾಕ್ಟರ ಸಲಹೆ ಮನೆಗೆ ಬರುವಷ್ಟರಲ್ಲಿ ಕಾನೂನಾಗಿತ್ತು.

"ನೂರನಲವತ್ತು ದಾಟಿದ ದಿನ ಈ ಮನೇಲಿ ಒಂದೋ ನಾನಿರ್ತೀನಿ, ಇಲ್ಲಾ ಸೈಕಲ್ಲಿರುತ್ತೆ" ಎಂದು ಹೆಂಡತಿ ಘೋಷಿಸಿದ್ದಳು. ಸಾಹೇಬರು ಕ್ಷಣ ಯೋಚಿಸಿದ್ದೇ ತಪ್ಪಾಗಿ, "ಯೋಚ್ನೆ ಬೇರೆ ಮಾಡ್ತೀರಾ? ಸೈಕಲ್ಲೇ ಹೋಗುತ್ತೆ" ಎಂದು ತೀರ್ಪನ್ನೂ ಕೊಟ್ಟಿದ್ದಳು.

ಸೈಕಲ್ಲು ಹೋದರೆ ಸಾಹೇಬರಿಗೆ ಉಳಿಯುವುದೇನು? ಮಾರುಕಟ್ಟೆಯಲ್ಲಿ ಅವರಿಗೆ ಯಾರೂ ಒಂದು ಲೋಟ ಟೀ ಕೊಡುವಂತಿಲ್ಲ, ಕೊಟ್ಟರೆ ಲಂಚ. ಯಾರೂ ನಗುವಂತಿಲ್ಲ, ನಕ್ಕರೆ ಏನನ್ನೋ ಬಚ್ಚಿಟ್ಟಿದ್ದಾನೆಂದು ಲೆಕ್ಕ. ಇಡೀ ಊರಿನಲ್ಲಿ ಅವರನ್ನು ಕಂಡು ಹೆದರದ ವಸ್ತು ಆ ಸೈಕಲ್ಲೊಂದೇ. ಅದರ ಮೇಲೆ ಕೂತಾಗ ಅವರು ಇನ್ಸ್‌ಪೆಕ್ಟರಲ್ಲ; ತೊಡೆ ನೋಯುವ, ಮೂಗು ಸೋರುವ, ಹಾಡು ಗುನುಗುವ ಒಬ್ಬ ಮನುಷ್ಯ.

ಆದ್ದರಿಂದಲೇ ಬೇಲಿ ಎದ್ದು ಹೊಲ ಮೇಯ್ದಿತ್ತು.

ಬೆಟ್ಟದ ಮೊದಲ ಏರಿನಲ್ಲೇ, ಇನ್ನೂ ಬುಡದಲ್ಲಿರುವಾಗಲೇ, ಬಡಿತ ನೂರನಲವತ್ತು ದಾಟಿತೆಂದು ವಾಚು ಕುಂಯ್ ಕುಂಯ್ ಎಂದು ಕೂಗಲು ಶುರುಮಾಡಿತು. ಸಾಹೇಬರು ನಿಂತರು, ಅದೂ ನಿಂತಿತು. ಹೊರಟರು, ಅದೂ ಹೊರಟಿತು. ಮುಂದೆ ಹೆಂಡತಿಯ ತಮ್ಮ ಸೀಟಿ ಹಾಕುತ್ತ ಹತ್ತುತ್ತಿದ್ದ. ಅವನು ಈಜುಕೊಳದ ಕೋಚು. ಶಿಷ್ಯರು ಹಿಂದಿನಿಂದ ಕರೆಯುವುದು ಮೊಸಳೆ ಸರ್ ಎಂದು. ನೆಗಡಿಯೂ ಹತ್ತಿರ ಸುಳಿಯದ ದೇಹ. ಡಾಕ್ಟರ ಬಾಗಿಲು ತುಳಿದವನಲ್ಲ. ವಾಚು ಗೀಚು ಕಟ್ಟುವವರನ್ನು ಕಂಡರೆ, "ನೀರಿಗಿಳಿದ ಮೇಲೆ ಮೀಟರ್ ಯಾಕೆ?" ಎಂದು ಗೇಲಿ ಮಾಡುವವನು.

"ಲೋ, ಇದನ್ನ ಸ್ವಲ್ಪ ನೀನು ಕಟ್ಕೊಳೋ" ಎಂದರು ಸಾಹೇಬರು.

"ಯಾಕೆ ಭಾವ, ಚುಚ್ಚುತ್ತಾ?"

"ಚುಚ್ಚಲ್ಲ. ಕೂಗುತ್ತೆ. ಥೇಟ್ ನಿಮ್ಮಕ್ಕ."

ಮೊಸಳೆಗೆ ವಿಷಯ ಅರ್ಥವಾಗಿ ಮುಖ ಅರಳಿತು. "ಅಕ್ಕನ ಕಣ್ಣಿಗೆ ಮಣ್ಣು ಹಾಕೋ ಕೆಲಸ ಅಂದ್ರೆ ನಂಗೆ ಕರ್ತವ್ಯ ಇದ್ದ ಹಾಗೆ. ಕೊಡಿ ಇತ್ಲಾಗೆ."

ಅಷ್ಟರವರೆಗಿನ ಗೆರೆಯನ್ನು ಸಾಹೇಬರು ವಾಚಿನಿಂದ ಅಳಿಸಿಯೇ ಕೊಟ್ಟರು. ಅಲ್ಲಿಂದ ನಾಲ್ಕೂ ದಿನ ಬೆಳಿಗ್ಗೆ ಪಟ್ಟಿ, ವಾಚು ಮೊಸಳೆಯ ಮೈಗೆ. ಸಂಜೆ ತಂಗುವ ಮನೆಯಲ್ಲಿ ಮತ್ತೆ ಸಾಹೇಬರ ಚೀಲಕ್ಕೆ. ಸುಳ್ಳು ಬಟ್ಟಿನ ವ್ಯಾಪಾರಿ ಎಷ್ಟು ಅಚ್ಚುಕಟ್ಟಾಗಿರುತ್ತಾನೋ ಅಷ್ಟೇ ಅಚ್ಚುಕಟ್ಟಾಗಿ ಕೆಲಸ ನಡೆದಿತ್ತು. ಕಲಿಯುವುದಕ್ಕೆ ಗುರುಗಳು ಮಾರುಕಟ್ಟೆ ತುಂಬ ಇದ್ದರಲ್ಲ.

"ಬಂತು" ಎಂದಳು ಹೆಂಡತಿ. ಪರದೆಯ ಮೇಲೆ ಮೊದಲ ದಿನದ ಗೆರೆ ಬಿಚ್ಚಿಕೊಂಡಿತು. 

ಸೋಫಾದಲ್ಲಿ ಮೊಸಳೆ ಬಾಳೆಹಣ್ಣು ತಿನ್ನುತ್ತ ಕಾಲು ಚಾಚಿದ್ದ. ಬಾಗಿಲ ಬಳಿ ಅವನ ಚೀಲ ಸಿದ್ಧವಾಗಿತ್ತು. ಸಂಜೆಯ ಬಸ್ಸಿಗೆ ಅವನು ಸರೋವರದ ಊರಿಗೆ ಹೊರಡಬೇಕು. ಮರುದಿನ ಬೆಳಿಗ್ಗೆ ಶಿಷ್ಯರನ್ನು ಕಟ್ಟಿಕೊಂಡು ಈ ದಡದಿಂದ ಆ ದಡಕ್ಕೆ ಈಜುವುದು, ಮುಂದಾಳು ಅವನೇ. ಕಿಟಕಿ ಪಕ್ಕ ಅತ್ತೆ, ಅಂದರೆ ಹೆಂಡತಿಗೂ ಮೊಸಳೆಗೂ ಹೆತ್ತ ತಾಯಿ, ಕಿತ್ತಳೆ ಸುಲಿಯುತ್ತ ಅಳಿಯನ ಪರೀಕ್ಷೆಯನ್ನು ನೋಡುತ್ತಿದ್ದರು.

"ಮೊದಲ್ನೇ ದಿನ ನೂರಿಪ್ಪತ್ತೆರಡರ ಮೇಲೆ ಹೋಗೇ ಇಲ್ಲ" ಎಂದಳು ಹೆಂಡತಿ. ಕನ್ನಡಕ ಮೇಲಕ್ಕೆ ತಳ್ಳಿ ಗಂಡನನ್ನು ನೋಡಿದಳು. "ಈ ವೇಗದಲ್ಲಿ ಹತ್ತಿದ್ದು ನೀವಾ?"

"ಗಾಳಿ ಬೆನ್ನಿಗಿತ್ತು" ಎಂದರು ಸಾಹೇಬರು ವಿನಯದಿಂದ.

"ಸುಮ್ನೆ ಹೇಳ್ತಾರೆ ಅಕ್ಕ" ಎಂದ ಮೊಸಳೆ. "ಭಾವನ ಹಿಂದೆ ನಾನು ನಾಲಿಗೆ ಚಾಚ್ಕೊಂಡು ಹೋಗ್ತಿದ್ದೆ. ಇವರು ಮನುಷ್ಯರಲ್ಲ, ಇಂಜಿನ್ನು."

ಅಷ್ಟರಲ್ಲಿ ಸಾಹೇಬರ ಫೋನು ಟಿಣ್ ಎಂದಿತು. ವಾಚಿಗೆ ವೈರು ಸಿಕ್ಕಿದ್ದೇ ತಡ, ಅದು ನಾಲ್ಕು ದಿನದ ಸಾಧನೆಯನ್ನು ಸೈಕಲ್ ಕ್ಲಬ್ಬಿನ ಪಟ್ಟಿಗೂ ರವಾನಿಸಿಬಿಟ್ಟಿತ್ತು. ದೊಡ್ಡ ಘಾಟಿಯ ಏರಿನಲ್ಲಿ ತಕ್ಕಡಿ ಸಾಹೇಬರು ಈಗ ಕ್ಲಬ್ಬಿಗೇ ಮೊದಲಿಗರು. ಮುಷ್ಟಿ, ಚಪ್ಪಾಳೆ, ಬೆಂಕಿಯ ಚಿತ್ರಗಳು ಒಂದರ ಮೇಲೊಂದು ಬಂದು ಬಿದ್ದವು. ಜೀವಮಾನದಲ್ಲಿ ಯಾರೂ ಹೊಗಳದ ಮನುಷ್ಯನಿಗೆ ಒಮ್ಮೆಲೇ ಇಷ್ಟು ಹೊಗಳಿಕೆ ಬಂದರೆ ಏನಾಗಬೇಡ? ಸಾಹೇಬರಿಗೆ ಒಂದು ಗಳಿಗೆ, ಹತ್ತಿದ್ದು ತಾನೇ ಇರಬಹುದೇ ಎಂಬ ಸಂಶಯವೂ ಬಂತು.

ಎರಡನೆಯ ದಿನವೂ ದಾಟಿತು. ಹೆಂಡತಿಯ ಮುಖದ ಗಂಟು ಸಡಿಲವಾಯಿತು. "ಪರವಾಗಿಲ್ಲ ರೀ. ನಾನೇ ಸುಮ್ನೆ ಹೆದರಿದ್ದೆ ಅನ್ಸುತ್ತೆ" ಎಂದು ಅವಳು ಮೂರನೆಯ ದಿನದ ಗೆರೆ ತೆರೆದಳು.

ತೆರೆದವಳು ಪರದೆಯ ಹತ್ತಿರಕ್ಕೆ ಬಗ್ಗಿದಳು.

ಸಾಹೇಬರು ಕತ್ತು ಚಾಚಿದರು. ಏರಿನುದ್ದಕ್ಕೂ ಗೆರೆ ಸಾಧುವಾಗಿ ಹತ್ತಿ, ಘಾಟಿಯ ನೆತ್ತಿ ದಾಟಿ, ಇಳಿಜಾರಿಗೆ ಬಿದ್ದು ಸಾಧುವಾಗಿ ಇಳಿಯುತ್ತಿತ್ತು. ಆಮೇಲೆ, ಯಾವ ಕಾರಣವೂ ಇಲ್ಲದೆ, ಗೋಡೆ ಎದ್ದ ಹಾಗೆ ನೆಟ್ಟಗೆ ಇನ್ನೂರರ ಮೇಲಕ್ಕೆ ನೆಗೆದಿತ್ತು. ಅಲ್ಲಿ ಮೇಜಿನ ಹಲಗೆಯಷ್ಟು ಸಪಾಟಾಗಿ ಸ್ವಲ್ಪ ದೂರ ಸಾಗಿ, ಬಾವಿಗೆ ಬಿದ್ದ ಹಾಗೆ ಕೆಳಕ್ಕೆ ಬಿದ್ದಿತ್ತು.

"ಇಲ್ಲಿ ಏನ್ ಮಾಡ್ತಿದ್ರಿ?" ಹೆಂಡತಿಯ ಧ್ವನಿ ಮನೆಯದಾಗಿರಲಿಲ್ಲ, ಕ್ಲಿನಿಕ್ಕಿನದಾಗಿತ್ತು.

"ಇಳೀತಿದ್ದೆ."

"ತುಳೀತಿದ್ರಾ?"

"ಇಳಿಜಾರಲ್ಲಿ ಯಾರೇ ತುಳೀತಾರೆ? ಪಟ್ಟಿ ಸಡಿಲ ಆಗಿರ್ಬೇಕು."

"ಪಟ್ಟಿ ಸಡಿಲ ಆದ್ರೆ ಗೆರೆ ಗರಗಸದ ಹಲ್ಲಿನ ಥರ ಬರುತ್ತೆ. ಇದು ಹಾಗಿಲ್ಲ." ಅವಳು ಬೆರಳಿಂದ ಕೆಳಗಿನ ವೇಗದ ಗೆರೆ ತೋರಿಸಿದಳು. ಗುಂಡಿಗೆ ನೆಗೆದ ಸ್ವಲ್ಪ ಹೊತ್ತಿಗೆ ಸೈಕಲ್ಲು ನಿಂತುಹೋಗಿತ್ತು. "ನಿಂತಿದ್ದೀರಿ. ಯಾಕೆ ನಿಂತ್ರಿ? ಕಣ್ಣು ಕತ್ತಲೆ ಬಂತಾ?"

ಸಾಹೇಬರಿಗೆ ಉತ್ತರ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವರು ಘಾಟಿಯ ಆಚೆ ಬದಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಏದುಸಿರು ಬಿಡುತ್ತಿದ್ದರು. ಉತ್ತರ ಗೊತ್ತಿದ್ದವನು ಸೋಫಾದಲ್ಲಿದ್ದ. ಅವನ ಬಾಯೊಳಗಿನ ಬಾಳೆಹಣ್ಣು ಅಲ್ಲೇ ನಿಂತಿತ್ತು.

ನಾಲ್ಕನೆಯ ದಿನದ ಗೆರೆಯಲ್ಲೂ ಅಂಥದ್ದೇ ಒಂದು ಗೋಡೆ. ಮೊದಲಿನದಕ್ಕಿಂತ ಉದ್ದ.

ಅತ್ತೆ ಕಿತ್ತಳೆ ಕೆಳಗಿಟ್ಟರು. "ನಮ್ಮ ಯಜಮಾನ್ರಿಗೂ ಹೀಗೇ ಆಗ್ತಿತ್ತು, ಏನಿಲ್ಲ ಅಂತಿದ್ರು ಅಳಿಯಂದ್ರೇ. ಎದೇಲಿ ಗುಬ್ಬಿ ಹೊಕ್ಕ ಹಾಗೆ ಪಟಪಟ ಅನ್ನುತ್ತೆ, ಆಮೇಲೆ ತಾನೇ ಹಾರಿಹೋಗುತ್ತೆ ಅಂತ. ನಕ್ಕುಬಿಡ್ತಿದ್ರು. ಹೋದ ದಿನಾನೂ ನಗ್ತಾನೇ ಇದ್ರು. ಹೋಗೋ ವಯಸ್ಸಾ ಅದು?"

 ಅತ್ತೆಯ ಯಜಮಾನರು ಸಾಹೇಬರಿಗೆ ರಕ್ತಸಂಬಂಧವಲ್ಲ. ಮೊಸಳೆಗೆ ಅಪ್ಪ. ಈ ಸರಳ ಲೆಕ್ಕ ಸಾಹೇಬರ ತಲೆಯಲ್ಲಿ ಕೂಡಿಕೊಂಡ ಕ್ಷಣ, ನಾಲ್ಕು ದಿನದ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಅವರು ಸೋಫಾದ ಕಡೆ ನೋಡಿದರು. ಮೊಸಳೆ ಕಾಣಿಸಿಯೂ ಕಾಣಿಸದ ಹಾಗೆ ತಲೆಯಾಡಿಸಿದ: ಬೇಡ.

"ನಾಳೆ ನನ್ ಜೊತೆ ಕ್ಲಿನಿಕ್ಕಿಗೆ ಬರ್ತೀರಿ" ಎಂದಳು ಹೆಂಡತಿ. "ಸೈಕಲ್ ಮಾತು ಆಮೇಲೆ." ಹಾಗೆನ್ನುತ್ತ ಅವಳು ಮತ್ತೆ ಮೂರನೆಯ ದಿನದ ಗೆರೆ ತೆರೆದಳು. ಸಾಹೇಬರಿಗೆ ಅದನ್ನು ನೋಡಲಾಗಲಿಲ್ಲ.

"ಟೀ ಮಾಡ್ತೀನಿ" ಎಂದು ಅವರು ಎದ್ದರು. ಮದುವೆಯಾದ ಮೇಲೆ ಅವರು ಈ ಮಾತನ್ನು ಆಡಿದ್ದು ಇದೇ ಮೊದಲು. ಸಹಾಯಕ್ಕೆಂದು ಮೊಸಳೆಯೂ ಹಿಂದೆಯೇ ಬಂದ. ಆ ಗಾಬರಿಯಲ್ಲಿ ಇಬ್ಬರ ಈ ಅಪರೂಪದ ಶ್ರದ್ಧೆ ಯಾರಿಗೂ ವಿಚಿತ್ರವೆನಿಸಲಿಲ್ಲ.

ಅಡುಗೆಮನೆಯಲ್ಲಿ ಸಾಹೇಬರು ನಲ್ಲಿ ಜೋರಾಗಿ ಬಿಟ್ಟರು, ಮಾತು ಹೊರಗೆ ಕೇಳದಿರಲೆಂದು. "ಏನೋ ಅದು?"

"ಏನಿಲ್ಲ ಭಾವ. ಎದೆ ಸ್ವಲ್ಪ ಪಟಪಟ ಅಂತು. ನಿಂತೆ. ನೀರು ಕುಡಿದೆ. ಸರಿ ಹೋಯ್ತು."

"ಮುಂಚೆ ಯಾವತ್ತಾದ್ರೂ ಆಗಿತ್ತಾ?"

ಮೊಸಳೆ ನಲ್ಲಿಯನ್ನೇ ನೋಡಿದ. "ಆಗೊಮ್ಮೆ ಈಗೊಮ್ಮೆ."

"ನೀರಲ್ಲಿ?"

"ಆಗ ದಡಕ್ಕೆ ಬಂದ್ಬಿಡ್ತೀನಿ."

"ಸರೋವರದ ನಡುಮಧ್ಯ ಯಾವ ದಡಕ್ಕೋ ಬರ್ತೀಯ, ನಿನ್ ತಲೆ!"

"ಕೂಗ್ಬೇಡಿ. ಭಾವ, ನಾಳೆ ಒಂದಿನ. ಮಕ್ಕಳು ವರ್ಷದಿಂದ ಕಾಯ್ತಿದ್ದಾರೆ. ಎದೆ ಸರಿಯಿಲ್ಲ ಅಂತ ಗೊತ್ತಾದ್ರೆ ಈಜುಕೊಳದವರು ನನ್ನ ದಡದ ಮೇಲೆ ಕೂರಿಸಿ ಟವೆಲ್ ಎಣಿಸೋಕೆ ಹಚ್ತಾರೆ. ನಾಳೆ ಮುಗೀಲಿ, ಆಮೇಲೆ ನಾನೇ ಅಕ್ಕನಿಗೆ ಹೇಳ್ತೀನಿ." ಆಮೇಲೆ ಅವನು ಹತ್ತಿರ ಬಂದ. "ನೀವೇ ಯೋಚಿಸಿ. ನೀವು ಬಾಯಿ ಮುಚ್ಕೊಂಡಿದ್ರೆ ನಾಳೆ ಕ್ಲಿನಿಕ್ಕಲ್ಲಿ ನಿಮ್ಮ ಇ.ಸಿ.ಜಿ. ಚೆನ್ನಾಗೇ ಬರುತ್ತೆ. ವಾಚು ಕೆಟ್ಟಿತ್ತು ಅಂತಾರೆ. ಸೈಕಲ್ ಉಳಿಯುತ್ತೆ. ಹೇಳಿದ್ರೋ, ನಿಮ್ಮದೂ ಹೋಯ್ತು ನಂದೂ ಹೋಯ್ತು."

ಲೆಕ್ಕ ಸರಿಯಾಗಿಯೇ ಇತ್ತು. ಸಾಹೇಬರು ತಕ್ಕಡಿಯ ಎರಡು ತಟ್ಟೆಗಳನ್ನು ಮನಸ್ಸಿನಲ್ಲೇ ತೂಗಿ ನೋಡಿದರು. ಒಂದರಲ್ಲಿ ಸೈಕಲ್ಲು, ಕ್ಲಬ್ಬಿನ ಚಪ್ಪಾಳೆ, ಹೆಂಡತಿಯ ಕಣ್ಣಲ್ಲಿ ಉಳಿದಿರುವ ಒಂದಿಷ್ಟು ಮರ್ಯಾದೆ. ಇನ್ನೊಂದರಲ್ಲಿ, ಬಾಳೆಹಣ್ಣಿನ ಸಿಪ್ಪೆ ಇನ್ನೂ ಕೈಯಲ್ಲೇ ಹಿಡಿದು ನಿಂತಿರುವ ಈ ಪೆದ್ದ. ಅವರು ನಲ್ಲಿ ನಿಲ್ಲಿಸಿ ಹೊರಗೆ ಬಂದರು.

"ಆ ಗುಂಡಿಗೆ ನಂದಲ್ಲ" ಎಂದರು. "ಪಟ್ಟಿ ಇವನ ಮೈಮೇಲಿತ್ತು. ನಾಲ್ಕೂ ದಿನ."

ಹೆಂಡತಿ ತಮ್ಮನನ್ನು ನೋಡಿದಳು. ಮೊಸಳೆ ಅಡುಗೆಮನೆಯ ಬಾಗಿಲಿಗೆ ಒರಗಿ, ಹೆತ್ತ ತಾಯಿಯೂ ಮರುಳಾಗುವಷ್ಟು ಮುಗ್ಧವಾಗಿ ಕಣ್ಣರಳಿಸಿದ. "ಏನ್ ಭಾವ ಇದು? ಸೈಕಲ್ ಉಳಿಸ್ಕೊಳ್ಳೋಕೆ ಹೀಗೂ ಹೇಳೋದಾ?"

 ಜೀವನದಲ್ಲಿ ಎಷ್ಟೋ ವ್ಯಾಪಾರಿಗಳು ಅವರ ಮುಂದೆ, ಬಟ್ಟು ನಂದಲ್ಲ ಸಾರ್, ಪಕ್ಕದ ಅಂಗಡಿಯವನದು ಎಂದು ಬೇಡಿಕೊಂಡಿದ್ದರು. ಅವರು ಒಬ್ಬನನ್ನೂ ನಂಬಿರಲಿಲ್ಲ. ಈಗ ಹೆಂಡತಿ ಅವರನ್ನು ಅದೇ ಕಣ್ಣಿನಿಂದ ನೋಡುತ್ತಿದ್ದಳು.

"ನಾಚ್ಕೆ ಆಗಲ್ವೇನ್ರೀ?" ಎಂದಳು ಮೆಲ್ಲಗೆ. ಅವಳು ಕೂಗಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಿಮ್ಮ ಕಾಯಿಲೆ ನನ್ ತಮ್ಮನ ತಲೆಗೆ ಕಟ್ತೀರಾ? ಅದೂ ಅಮ್ಮನ ಎದುರಿಗೆ, ಅಪ್ಪನ ಮಾತು ಬಂದಿರೋವಾಗ?"

"ಬಸ್ಸಿಗೆ ಹೊತ್ತಾಯ್ತು. ನಾನು ಹೊರಡ್ತೀನಿ" ಎಂದ ಮೊಸಳೆ.

ಸಾಹೇಬರು ತರ್ಕ ಮಾಡಲಿಲ್ಲ. ಅವರ ವೃತ್ತಿಯಲ್ಲಿ ತರ್ಕಕ್ಕೆ ಜಾಗವೇ ಇಲ್ಲ. ತಕ್ಕಡಿಯ ಮೇಲೆ ಅನುಮಾನ ಬಂದರೆ ಗೊತ್ತಿರುವ ತೂಕವನ್ನು ಅದರ ಮೇಲಿಟ್ಟು ನೋಡಬೇಕು, ಅಷ್ಟೇ. ಅವರು ಅಂಗಿಯ ಗುಂಡಿ ಬಿಚ್ಚಿ, ಎದೆಪಟ್ಟಿ ಬಿಗಿದು, ವಾಚಿನ ವೈರು ಕಿತ್ತು ಮಣಿಕಟ್ಟಿಗೆ ಕಟ್ಟಿಕೊಂಡರು. ಅಂಗಿಯ ಗುಂಡಿ ಹಾಕುವ ಗೋಜಿಗೂ ಹೋಗದೆ ಹೊರಗೆ ಹೋಗಿ ಲಿಫ್ಟಿನ ಗುಂಡಿ ಒತ್ತಿದರು.

"ಎಲ್ಲಿಗ್ರೀ?"

"ಕೆಳಕ್ಕೆ. ಮೆಟ್ಟಿಲಲ್ಲಿ ವಾಪಸ್ ಬರ್ತೀನಿ. ಅಷ್ಟು ದೊಡ್ಡ ಘಾಟೀನ ನೂರಿಪ್ಪತ್ತೆರಡರಲ್ಲಿ ಹತ್ತಿದ ಮಹಾನುಭಾವನ ಎದೆ ನಮ್ಮನೆ ಮೆಟ್ಟಿಲಿಗೆ ಎಷ್ಟು ಹೊಡ್ಕೊಳ್ಳುತ್ತೆ ನೋಡು."

"ಹುಚ್ಚಾ ನಿಮಗೆ? ಬೇಡ! ರೀ!"

ಲಿಫ್ಟಿನ ಬಾಗಿಲು ಮುಚ್ಚಿತು.

ಆ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಲೋಕದಲ್ಲಿ ಪರಾಕ್ರಮಿಗಳು ಕೋಟೆ ಹತ್ತಿದ್ದಾರೆ, ಗೆಲ್ಲುವುದಕ್ಕೆ. ತಾನು ಸೋತೆನೆಂದು ಸಾಬೀತು ಮಾಡುವುದಕ್ಕಾಗಿ ಎರಡೆರಡು ಮೆಟ್ಟಿಲು ಹಾರಿ ಹತ್ತಿದ ವೀರರು ತಕ್ಕಡಿ ಸಾಹೇಬರೊಬ್ಬರೇ ಇರಬೇಕು. ಮೊದಲ ಮಹಡಿಯಲ್ಲಿ ಯಾರದೋ ಚಪ್ಪಲಿ ಗೂಡು ಒದ್ದರು. ಎರಡನೆಯದಕ್ಕೆ ಕಾಲಿಡುವ ಮೊದಲೇ ವಾಚು ಕೂಗಿತು. ಕುಂಯ್ ಕುಂಯ್ ಎಂಬ ಆ ಕೂಗು ಮೆಟ್ಟಿಲ ಬಾವಿಯಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಮೇಲಕ್ಕೇರಿ, ಕಟಕಟೆ ಹಿಡಿದು ಬಗ್ಗಿ ನೋಡುತ್ತಿದ್ದ ಹೆಂಡತಿಯ ಕಿವಿ ಮುಟ್ಟಿತು.

"ಸಾಕು! ನಿಲ್ಲಿ! ನಂಬಿದೆ!" ಎಂದು ಅವಳು ಕೂಗಿದಳು.

ಸಾಹೇಬರು ನಿಲ್ಲಲಿಲ್ಲ. ಪರೀಕ್ಷೆ ಅರ್ಧಕ್ಕೆ ಬಿಟ್ಟರೆ ಮುದ್ರೆ ಹಾಕುವಂತಿಲ್ಲ. ಮೂರನೆಯದರಲ್ಲಿ ಹಾರುವುದು ನಿಂತಿತು, ನಾಲ್ಕನೆಯದರಲ್ಲಿ ನಡಿಗೆಯೂ ತೆವಳಿಕೆಯಾಯಿತು. ಬಂದು ಬಾಗಿಲ ಚೌಕಟ್ಟು ಹಿಡಿದು, ಮಾತು ಹೊರಡದೆ, ಮಣಿಕಟ್ಟನ್ನು ಹೆಂಡತಿಯ ಮುಂದೆ ಚಾಚಿದರು. ನೂರ ಅರವತ್ತೇಳು.

ಅವಳು ಮೊದಲು ಗಂಡನನ್ನು ಕುರ್ಚಿಗೆ ನೂಕಿ, ಕತ್ತಿಗೆ ಎರಡು ಬೆರಳಿಟ್ಟು, ಬಡಿತ ಇಳಿಯುವವರೆಗೆ ಕಾದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

ಮೊಸಳೆ ಚೀಲಕ್ಕೆ ಕೈಹಾಕಿದ್ದ. ಚೀಲ ಮಾತ್ರ ಏಳಲಿಲ್ಲ. ಏಕೆಂದರೆ ಅದರ ಮೇಲೆ ಅವನ ತಾಯಿ ಕೂತುಬಿಟ್ಟಿದ್ದರು.

"ಏಳಮ್ಮಾ. ಬಸ್ಸು."

"ಹೋಗೋದಾದ್ರೆ ನನ್ನನ್ನೂ ಸೇರಿಸಿ ಹೊತ್ಕೊಂಡು ಹೋಗು ಮಗಾ" ಎಂದರು ಅತ್ತೆ, ಕೈ ಮಡಚಿಕೊಂಡು. "ನಿಮ್ಮಪ್ಪನಿಗೂ ಅವತ್ತು ಬಸ್ಸಿಗೆ ಹೊತ್ತಾಗಿತ್ತು."

ಮೊಸಳೆ ಅಕ್ಕನನ್ನು ನೋಡಿ ನಗಲು ಹೋದ. ತುಟಿ ಕೇಳಲಿಲ್ಲ. ಅವನು ತಾಯಿಯ ಪಕ್ಕ ನೆಲದ ಮೇಲೆಯೇ ಕುಸಿದು ಕೂತ.

ಕ್ಲಿನಿಕ್ಕಿನಲ್ಲಿ ಭಾನುವಾರವೂ ಒಬ್ಬ ಡಾಕ್ಟರಿರುತ್ತಿದ್ದರು. ಅತ್ತೆಯನ್ನು ಮನೆಯಲ್ಲೇ ಬಿಟ್ಟು, ಲ್ಯಾಪ್‌ಟಾಪು ಹಿಡಿದು ಮೂವರೂ ಟ್ಯಾಕ್ಸಿ ಹತ್ತಿದರು. ಮೊಸಳೆಯ ಇ.ಸಿ.ಜಿ. ತೆಗೆದದ್ದು ಅವನ ಅಕ್ಕನೇ. ಕಾಗದದ ಮೇಲೆ ಗೆರೆ ಅಚ್ಚುಕಟ್ಟಾಗಿ ಬಂತು, ಏನೂ ಆಗಿಲ್ಲದವನ ಹಾಗೆ. ಮೊಸಳೆಗೆ ಧೈರ್ಯ ಬಂತು. "ನೋಡಿ ಡಾಕ್ಟ್ರೇ, ನಾನು ಆಗ್ಲೇ ಹೇಳ್ದೆ..." ಡಾಕ್ಟರು ಅವನ ಮಾತು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಲ್ಯಾಪ್‌ಟಾಪಿನ ಆ ಎರಡು ಗೋಡೆಗಳನ್ನು ಹಿಗ್ಗಿಸಿ ನೋಡುತ್ತಿದ್ದರು. ತಂದೆ ಯಾವ ವಯಸ್ಸಿಗೆ ಹೋದರೆಂದು ಕೇಳಿದರು. ಉತ್ತರ ಕೇಳಿ, ಬಾಗಿಲು ಹಾಕಿಕೊಂಡು ಅಕ್ಕನ ಜೊತೆ ಮಾತಿಗೆ ಕೂತರು.

ಹೊರಗಿನ ಬೆಂಚಿನ ಮೇಲೆ ಭಾವ, ಭಾಮೈದ ಇಬ್ಬರೇ ಉಳಿದರು. ಫಿನಾಯಿಲಿನ ವಾಸನೆ. ಎದುರಿಗೆ ಗೋಡೆಯ ಮೇಲೆ ನಗುವ ಗುಂಡಿಗೆಯ ಚಿತ್ರ, ಅದಕ್ಕೆ ಯಾಕೋ ಕೈಕಾಲು.

"ಮೂರನೇ ದಿನ" ಎಂದ ಮೊಸಳೆ ಕೊನೆಗೆ, ಆ ಚಿತ್ರವನ್ನೇ ನೋಡುತ್ತ, "ನಾನು ನಿಂತಿದ್ದು ನೀರು ಕುಡಿಯೋಕಲ್ಲ ಭಾವ. ರಸ್ತೆ ಕಾಣಿಸ್ಲಿಲ್ಲ. ಕಲ್ಲಿನ ಮೇಲೆ ಕೂತು, ನೀವು ಯಾವಾಗ ಬರ್ತೀರೋ ಅಂತ ಕಾದೆ. ನೀವು ಬರ್ತಾನೇ ಇರ್ಲಿಲ್ಲ."

"ತಳ್ಕೊಂಡು ಬರ್ತಿದ್ದೆ ಕಣೋ."

"ಗೊತ್ತು. ನೀವು ಬಂದಾಗ ಏನ್ ಖುಷಿಯಾಯ್ತು ಅಂದ್ರೆ... ಹೇಳೋಕೆ ನಾಚ್ಕೆ ಆಗಿ ನಿಮ್ಮ ಹೊಟ್ಟೆ ನೋಡಿ ತಮಾಷೆ ಮಾಡ್ದೆ."

"ತುಂಬಾನೇ ಮಾಡ್ದೆ."

ಮೊಸಳೆ ಫೋನು ತೆಗೆದು ಈಜುಕೊಳದ ಸಹೋದ್ಯೋಗಿಗೆ, ಮಕ್ಕಳ ಸರೋವರದ ಈಜನ್ನು ಮುಂದಕ್ಕೆ ಹಾಕಿ, ನಾನು ಆಸ್ಪತ್ರೆಯಲ್ಲಿದ್ದೇನೆ ಎಂದು ಹೇಳಿದ. ಆಸ್ಪತ್ರೆ ಎಂಬ ಪದ ಬರುವಾಗ ಅವನ ಧ್ವನಿ ಸಣ್ಣದಾಯಿತು. ಸಾಹೇಬರೂ ತಮ್ಮ ಫೋನು ತೆಗೆದರು. ಕ್ಲಬ್ಬಿಗೆ ಬರೆದರು: ಘಾಟಿ ಹತ್ತಿದ್ದು ನಾನಲ್ಲ, ನನ್ನ ಭಾಮೈದ, ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ. ಬರುತ್ತಿದ್ದ ಚಪ್ಪಾಳೆಗಳು ಕತ್ತರಿಸಿದ ಹಾಗೆ ನಿಂತವು.

ಬಾಗಿಲು ತೆರೆಯಿತು. ಹೆಂಡತಿಯ ಕಣ್ಣು ಕೆಂಪಾಗಿತ್ತು, ಧ್ವನಿ ಮಾತ್ರ ಗಟ್ಟಿಯಾಗಿತ್ತು. "ಸರಿಯಾದ ಹೊತ್ತಿಗೆ ಬಂದಿದ್ದೀರಿ ಅಂದ್ರು ಡಾಕ್ಟ್ರು. ನೀನು ಇವತ್ತು ಇಲ್ಲೇ ಉಳೀತೀಯ. ನಾಳೆ ದೊಡ್ಡಾಸ್ಪತ್ರೆ. ವಾಸಿ ಮಾಡ್ಬಹುದಂತೆ. ಅಲ್ಲೀವರೆಗೂ ಬಕೆಟ್ ನೀರಲ್ಲಿ ಸ್ನಾನ, ತೊಟ್ಟಿಗೂ ಇಳಿಯೋ ಹಾಗಿಲ್ಲ."

"ಸರಿ ಅಕ್ಕ" ಎಂದ ಮೊಸಳೆ. ಅಷ್ಟು ವಿಧೇಯನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ.

ಅವಳು ಗಂಡನ ಕಡೆ ತಿರುಗಿ ಅಂಗೈ ಚಾಚಿದಳು. 

ಸಾಹೇಬರು ಪ್ಯಾಂಟಿನ ಜೇಬಿನಿಂದ ಸೈಕಲ್ ಬೀಗದ ಚಾವಿ ತೆಗೆದು ಆ ಅಂಗೈಯಲ್ಲಿಟ್ಟರು.

ಅಂಗೈ ಹಿಂದಕ್ಕೆ ಹೋಗಲಿಲ್ಲ.

ಸಾಹೇಬರು ಗುಂಡಿಗೆಯ ಚಿತ್ರ ನೋಡಿದರು, ಮೊಸಳೆಯನ್ನು ನೋಡಿದರು. ಮೊಸಳೆ, "ಕೊಟ್ಬಿಡಿ ಭಾವ. ಅವಳ ಹತ್ರ ನಡೆಯಲ್ಲ" ಎಂದ. ಸಾಹೇಬರು ನಿಟ್ಟುಸಿರು ಬಿಟ್ಟು ಬಗ್ಗಿ, ಎಡಗಾಲಿನ ಬೂಟು ಬಿಚ್ಚಿ, ಕಾಲುಚೀಲದೊಳಗಿಂದ ಎರಡನೆಯ ಚಾವಿಯನ್ನೂ ತೆಗೆದು ಕೊಟ್ಟರು.